ಕಿಡ್ನಿ ಕಸಿಗೆ ಮುನ್ನ ರಕ್ತನಾಳದ ಸ್ಕ್ಯಾನ್

ಕಸಿ ಮಾಡುವ ಕಿಡ್ನಿಯನ್ನು ಸಾಮಾನ್ಯವಾಗಿ ಹಳೆಯ ಕಿಡ್ನಿಯ ಜಾಗದಲ್ಲಿ ಕೂರಿಸುವುದಿಲ್ಲ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿಟ್ಟು, ಕಾಲಿಗೆ ಹೋಗುವ ದೊಡ್ಡ ಅಪಧಮನಿಗೆ ಹೊಲಿಯುತ್ತಾರೆ. ಸಕ್ಕರೆ ಕಾಯಿಲೆ, ತಂಬಾಕಿನ ಚಟ, ವರ್ಷಗಟ್ಟಲೆ ಡಯಾಲಿಸಿಸ್ ಇದ್ದವರಲ್ಲಿ ಆ ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿಕೊಳ್ಳುವುದು ಹೆಚ್ಚು. ತೀರಾ ಗಟ್ಟಿಯಾದ ಕಡೆ ರಕ್ತ ತಡೆಯುವ ಕ್ಲ್ಯಾಂಪ್ ಸರಿಯಾಗಿ ಹಿಡಿಯದು, ಸೂಜಿ ಇಳಿಯದು.

ಕಾಂಟ್ರಾಸ್ಟ್ ಔಷಧಿಯಿಲ್ಲದ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಕ್ಯಾಲ್ಸಿಯಂ ಎಲುಬಿನಂತೆ ಬೆಳ್ಳಗೆ ಕಾಣುತ್ತದೆ. ಡಾಪ್ಲರ್ ಸ್ಕ್ಯಾನ್ ರಕ್ತದ ಹರಿವನ್ನು ತೋರಿಸುತ್ತದೆ. ಕ್ಯಾಲ್ಸಿಯಂ ನಾಳದ ಸುತ್ತಲೂ ಆವರಿಸಿದ್ದರೆ ಕಷ್ಟ. ನಡುವೆ ಮೆತ್ತನೆಯ ಜಾಗ ಸಿಕ್ಕರೆ ಹೊಲಿಗೆ ಸಾಧ್ಯ.

ಮನೋಳಿಯಂಥ ಊರಿನಿಂದ ಇದಕ್ಕಾಗಿ ಬೆಳಗಾವಿ, ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಹೋಗುವವರು ಹಳೆಯ ಸ್ಕ್ಯಾನ್‌ಗಳನ್ನು ಒಯ್ಯಬೇಕು. ನಡೆದಾಗ ಮೀನಖಂಡ ನೋಯುತ್ತಿದ್ದರೆ ಅದು ಕಾಲಿನ ರಕ್ತನಾಳದ ತೊಂದರೆಯ ಸೂಚನೆ ಇರಬಹುದು, ವೈದ್ಯರಿಗೆ ತಪ್ಪದೆ ಹೇಳಬೇಕು. ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವವರು ಸ್ಕ್ಯಾನ್ ಮತ್ತೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.