ನಮ್ಮ ಗಲ್ಲಿ ನಕ್ಷೆಯಲ್ಲಿ ಇರಲಿಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ದಾದಿಗೆ ಉಸಿರಾಡಲು ಕಷ್ಟವಾಯಿತು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಮನೆಯ ಉರ್ದುವಿನಲ್ಲಿ ಅಪ್ಪನ ತಾಯಿ. ಚಿಕ್ಕವಳಿದ್ದಾಗ "ನಮ್ಮ ಮನೆಯಲ್ಲಿ ದಾದಿ ಇದ್ದಾರೆ" ಎಂದು ಬರೆದು ಟೀಚರ್ ಕೈಯಲ್ಲಿ "ಯಾರಿಗೆ ಹುಷಾರಿಲ್ಲ?" ಎಂದು ಕೇಳಿಸಿಕೊಂಡಿದ್ದೆ.) ಅಬ್ಬಾ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಗಾಡಿ ಮೇನ್ ರೋಡಿಗೆ ಬೇಗನೇ ಬಂತು. ಆದರೆ ಅಲ್ಲಿಂದ ಮುಂದೆ ಡ್ರೈವರ್ ಅವರ ಫೋನಿನ ನಕ್ಷೆಯಲ್ಲಿ ಏನೂ ಇರಲಿಲ್ಲ, ಬರೀ ಬೂದು ಬಣ್ಣ. "ಮಸೀದಿ ಹಿಂದೆ ಬನ್ನಿ" ಎಂದು ಅಬ್ಬಾ ಹೇಳಿದರು. ನಮ್ಮ ಕಡೆ ಎರಡು ಮಸೀದಿಗಳಿವೆ. ಕೊನೆಗೆ ಅಬ್ಬಾ ಟಾರ್ಚ್ ಹಿಡಿದು ಮಳೆಯಲ್ಲಿ ಓಡಿ ಹೋಗಿ ಗಾಡಿಯನ್ನು ಕರೆತಂದರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

ದಾದಿ ಈಗ ಚೆನ್ನಾಗಿದ್ದಾರೆ. ಡ್ರೈವರ್ ಅವರ ತಪ್ಪೂ ಅಲ್ಲ. ಆದರೆ ಆ ಇಪ್ಪತ್ತು ನಿಮಿಷ ನನ್ನ ತಲೆಯಲ್ಲಿ ಉಳಿಯಿತು. ನೂರಾರು ಮನೆಗಳಿರುವ ಮೊಹಲ್ಲಾ ನಕ್ಷೆಯಲ್ಲಿ ಹೇಗೆ ಇಲ್ಲದೆ ಹೋಗುತ್ತದೆ? ನಕ್ಷೆಯನ್ನು ಬರೆಯುವವರಾದರೂ ಯಾರು?

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್. ಇದು ಯಾವ ಕಂಪನಿಯದೂ ಅಲ್ಲದ ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬ ವಿದ್ಯಾರ್ಥಿ ಇದನ್ನು ಆರಂಭಿಸಿದರು. ಅಲ್ಲಿ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ಬಳಿ ಬಹಳ ಒಳ್ಳೆಯ ನಕ್ಷೆಗಳಿದ್ದವು. ಆದರೆ ಅವುಗಳ ಮಾಹಿತಿಯನ್ನು ಬಳಸಲು ಲೈಸೆನ್ಸ್ ಪಡೆದು ಹಣ ಕೊಡಬೇಕಿತ್ತು. ಹಾಗಾದರೆ ನಾವೇ ನಡೆದು, ಸೈಕಲ್ ತುಳಿದು, ಜಿಪಿಎಸ್ ಹಿಡಿದು ಬರೆದುಕೊಳ್ಳೋಣ ಎನ್ನುವುದು ಅವರ ಯೋಚನೆ. 2006ರ ಮೇ ತಿಂಗಳಲ್ಲಿ ವೈಟ್ ದ್ವೀಪ ಎಂಬ ಚಿಕ್ಕ ದ್ವೀಪಕ್ಕೆ ಒಂದಷ್ಟು ಜನ ವಾರಾಂತ್ಯದಲ್ಲಿ ಹೋಗಿ, ರಸ್ತೆಗಳನ್ನು ಹಂಚಿಕೊಂಡು ಸುತ್ತಿ, ಸಂಜೆ ಒಟ್ಟಿಗೆ ಕುಳಿತು ನಕ್ಷೆಗೆ ಏರಿಸಿದರು. ಇಂಥ ಕೂಟಗಳಿಗೆ 'ಮ್ಯಾಪಿಂಗ್ ಪಾರ್ಟಿ' ಎನ್ನುತ್ತಾರೆ. ನಾಲ್ಕು ವರ್ಷಗಳ ನಂತರ, 2010ರಲ್ಲಿ, ಆರ್ಡ್‌ನೆನ್ಸ್ ಸರ್ವೆಯೂ ತನ್ನ ಕೆಲವು ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು.

ಇದರ ಒಳಗಿನ ವ್ಯವಸ್ಥೆ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ನಕ್ಷೆಯಲ್ಲಿ ಮೂರೇ ಬಗೆಯ ವಸ್ತುಗಳಿವೆ. ಒಂದು ಬಿಂದು, ಅಂದರೆ ಅಕ್ಷಾಂಶ ಮತ್ತು ರೇಖಾಂಶ. ಬಿಂದುಗಳನ್ನು ಜೋಡಿಸಿದರೆ ಗೆರೆ. ಅದು ರಸ್ತೆಯಾಗಬಹುದು, ಸುತ್ತಿ ಮುಚ್ಚಿದರೆ ಕಟ್ಟಡವಾಗಬಹುದು. ಇವುಗಳನ್ನು ಗುಂಪು ಮಾಡಿದರೆ ಸಂಬಂಧ. ಒಂದು ಬಸ್ ಮಾರ್ಗ ಹಾಗೆ. ಪ್ರತಿಯೊಂದಕ್ಕೂ ಅದು ಏನು ಎಂದು ಹೇಳುವ ಟ್ಯಾಗ್ ಹಾಕಬೇಕು. ಇಲ್ಲಿ ಒಂದು ತಮಾಷೆ ಇದೆ. ಸೈಕಲ್ ಕೂಡ ಹೋಗದ ಕಾಲುದಾರಿಯ ಟ್ಯಾಗ್ ಕೂಡ 'ಹೈವೇ' ಎಂದೇ ಶುರುವಾಗುತ್ತದೆ. ಬ್ರಿಟಿಷ್ ಕಾನೂನಿನಲ್ಲಿ ಸಾರ್ವಜನಿಕರು ಓಡಾಡುವ ಎಲ್ಲ ದಾರಿಗೂ ಹೈವೇ ಎನ್ನುತ್ತಾರಂತೆ. ನಮ್ಮ ಗಲ್ಲಿಯನ್ನು ಹೈವೇ ಎಂದು ಕರೆದಾಗ ತಮ್ಮ ನಕ್ಕೂ ನಕ್ಕೂ ಸುಸ್ತಾದ.

ಯಾರು ಏನು ಬದಲಿಸಿದರೂ ಅದು 'ಚೇಂಜ್‌ಸೆಟ್' ಎಂದು ದಾಖಲಾಗುತ್ತದೆ: ಯಾರು, ಯಾವಾಗ, ಯಾಕೆ. ನಾವು ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯುತ್ತೇವಲ್ಲ, ಹಾಗೆಯೇ. ನರೇಷನ್ ಇಲ್ಲದ ಎಂಟ್ರಿಗೆ ಅಕೌಂಟೆನ್ಸಿ ಮೇಡಂ ಅಂಕ ಕತ್ತರಿಸುತ್ತಾರೆ. ಇಲ್ಲಿ ಬೇರೆ ಬಳಕೆದಾರರು ಬಂದು ಪ್ರಶ್ನೆ ಕೇಳುತ್ತಾರೆ. ಹಳೆಯ ನಮೂದು ಅಳಿಸಿ ಹೋಗುವುದಿಲ್ಲ, ಇತಿಹಾಸದಲ್ಲಿ ಉಳಿದಿರುತ್ತದೆ.

ನಾನು ಮತ್ತು ನನ್ನ ಮೂವರು ಗೆಳತಿಯರು ನಾಲ್ಕು ಭಾನುವಾರ ನಮ್ಮ ಮೊಹಲ್ಲಾವನ್ನು ಸುತ್ತಿದೆವು. ಮೊದಲು ಉಪಗ್ರಹ ಚಿತ್ರ ನೋಡಿ ಗೆರೆಗಳನ್ನು ಎಳೆದುಕೊಂಡೆವು. ಎರಡು ತಪ್ಪು ಮಾಡಿದೆವು. ಅವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಾವು ನಿಜವಾಗಿ ಕಲಿತದ್ದು ಅವುಗಳಿಂದಲೇ.

ಮೊದಲನೆಯದು ನನ್ನದು. ಮಸೀದಿಯ ಹಿಂದೆ ಚಿತ್ರದಲ್ಲಿ ಬೆಳ್ಳಗೆ ನೇರವಾದ ಪಟ್ಟಿ ಕಾಣುತ್ತಿತ್ತು. ಮೇನ್ ರೋಡಿನಿಂದ ನಮ್ಮ ಮನೆಗೆ ಅದೇ ಹತ್ತಿರದ ದಾರಿ ಎಂದು ಖುಷಿಯಿಂದ ವಾಹನ ಹೋಗುವ ರಸ್ತೆಯಾಗಿ ಬರೆದೆ. ಎರಡು ದಿನದಲ್ಲಿ ನನಗೆ ಗೊತ್ತೇ ಇಲ್ಲದ ಯಾರೋ ಒಬ್ಬರು ಕೇಳಿದರು: ಇದರ ಅಗಲ ಕಡಿಮೆ ಕಾಣುತ್ತದೆ, ನೀವು ಅಲ್ಲಿ ಹೋಗಿ ನೋಡಿದ್ದೀರಾ? ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಗಲ್ಲಿಯ ಬಗ್ಗೆ ನನಗೇ ಹೇಳುತ್ತಾರಲ್ಲ ಎಂದು ಮೊಬೈಲನ್ನು ದಾದಿಗೆ ತೋರಿಸಿದೆ. ದಾದಿ ಕನ್ನಡಕ ಹಾಕಿಕೊಂಡು ನೋಡಿ, "ವೋ ರಸ್ತಾ ನೈ ಬೇಟಾ, ಮೋರಿ ಹೈ" ಎಂದರು. ಮೋರಿ ಎಂಬ ಪದ ನಮ್ಮ ಎರಡೂ ಭಾಷೆಯಲ್ಲಿ ಒಂದೇ, ಅನುವಾದ ಬೇಕಿಲ್ಲ. ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಸಿದ್ದಾರೆ, ಅಷ್ಟೇ. ಜನ ನಡೆಯಬಹುದು, ಆಟೋ ಹೋಗಲಾರದು. ನಾನು ಬರೆದಿದ್ದನ್ನು ನಂಬಿ ಒಂದು ಆಂಬುಲೆನ್ಸ್ ಆ ಕಡೆ ತಿರುಗಿದ್ದರೆ? ನಕ್ಷೆಯಲ್ಲಿ ಇಲ್ಲದ ರಸ್ತೆಗಿಂತ ಸುಳ್ಳು ರಸ್ತೆ ಹೆಚ್ಚು ಅಪಾಯ. ಆ ದಿನವೇ ಅದನ್ನು ಕಾಲುದಾರಿ ಎಂದು ತಿದ್ದಿದೆ, ಪ್ರಶ್ನೆ ಕೇಳಿದವರಿಗೆ ಥ್ಯಾಂಕ್ಸ್ ಬರೆದೆ.

ಎರಡನೆಯದು ಗೆಳತಿಯದು. ಕೆಲಸ ಬೇಗ ಮುಗಿಯಲಿ ಎಂದು ಅವಳು ಒಂದು ಕಂಪನಿಯ ನಕ್ಷೆ ತೆರೆದು ಹನ್ನೊಂದು ಅಂಗಡಿಗಳ ಹೆಸರನ್ನು ನೋಡಿ ಬರೆದಳು. ಎಲ್ಲವೂ ಸರಿಯಾದ ಹೆಸರುಗಳೇ. ಆದರೂ ಅಳಿಸಬೇಕಾಯಿತು. ಬೇರೆಯವರ ನಕ್ಷೆಯಿಂದ ನಕಲು ಮಾಡಿದರೆ ಅದು ಅವರ ಹಕ್ಕಿನ ಮಾಹಿತಿ. ಅದು ಸೇರಿಕೊಂಡರೆ ಎಲ್ಲರ ನಕ್ಷೆಯ ಮೇಲೆ ಕೇಸಿನ ಭಯ ಬರುತ್ತದೆ. ಮುಂದಿನ ಭಾನುವಾರ ಅವಳೇ ಬಿಸಿಲಲ್ಲಿ ನಿಂತು ಅದೇ ಹನ್ನೊಂದು ಬೋರ್ಡುಗಳನ್ನು ನೋಡಿ ಬರೆದುಕೊಂಡಳು. ಅವುಗಳಲ್ಲಿ ಎರಡು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಂಪನಿಯ ನಕ್ಷೆಯಲ್ಲಿ ಅವು ಇನ್ನೂ ತೆರೆದೇ ಇದ್ದವು!

ಇಲ್ಲಿ ನಮ್ಮ ಅರ್ಥಶಾಸ್ತ್ರದ ಪಾಠ ನೆನಪಿಗೆ ಬರುತ್ತದೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ಪ್ರಸಿದ್ಧ ಲೇಖನ ಬರೆದರು. ಗೋಮಾಳ ಎಲ್ಲರದೂ ಆದರೆ ಪ್ರತಿಯೊಬ್ಬನೂ ತನ್ನದೊಂದು ದನ ಹೆಚ್ಚು ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎನ್ನುವುದು ಅವರ ವಾದ. ಎಲಿನಾರ್ ಆಸ್ಟ್ರಾಮ್ ಇದನ್ನು ಒಪ್ಪಲಿಲ್ಲ. ಅವರು ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ, ನೇಪಾಳದ ನೀರಾವರಿ ಎಲ್ಲವನ್ನೂ ಅಧ್ಯಯನ ಮಾಡಿ, ಜನ ತಾವೇ ನಿಯಮ ಮಾಡಿಕೊಂಡು, ತಾವೇ ಕಾವಲು ಕಾದು, ತಪ್ಪಿದವರಿಗೆ ಮೊದಲು ಚಿಕ್ಕ ದಂಡ ಹಾಕಿ, ತಲೆಮಾರುಗಳ ಕಾಲ ಸಾಮಾನ್ಯ ಸಂಪತ್ತನ್ನು ಉಳಿಸಿಕೊಂಡಿದ್ದನ್ನು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ನಮ್ಮ ಕೆರೆಗಳ ನೀರುಗಂಟಿಯೂ ಇದೇ ಕೆಲಸ ಮಾಡುತ್ತಿದ್ದವನು: ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬಿನ ಬಳಿ ನಿಂತು ನೋಡುವುದು.

ಆದರೆ ಕೆರೆಗೂ ನಕ್ಷೆಗೂ ಒಂದು ವ್ಯತ್ಯಾಸ ಇದೆ. ಕೆರೆಯ ನೀರು ಬಳಸಿದರೆ ಕಡಿಮೆಯಾಗುತ್ತದೆ. ನಕ್ಷೆಯನ್ನು ಸಾವಿರ ಜನ ಬಳಸಿದರೂ ಒಂದು ಗೆರೆ ಕೂಡ ಸವೆಯುವುದಿಲ್ಲ. ಹಾಗಾದರೆ ನೀರುಗಂಟಿ ಯಾಕೆ ಬೇಕು? ನನಗೆ ಕಂಡ ಉತ್ತರ ಇಷ್ಟು. ನಕ್ಷೆ ಬಳಸಿದರೆ ಸವೆಯುವುದಿಲ್ಲ, ಯಾರೂ ನೋಡಿಕೊಳ್ಳದಿದ್ದರೆ ಹಳಸುತ್ತದೆ. ಅಂಗಡಿ ಮುಚ್ಚುತ್ತದೆ, ರಸ್ತೆ ಅಗೆಯುತ್ತಾರೆ, ಏಕಮುಖ ಸಂಚಾರದ ದಿಕ್ಕು ಬದಲಾಗುತ್ತದೆ. ಕೊರತೆ ಇರುವುದು ಮಾಹಿತಿಗಲ್ಲ, ತಿದ್ದುವವರ ಸಮಯಕ್ಕೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನೋಂದಾಯಿಸಿಕೊಂಡವರು 1 ಕೋಟಿ ದಾಟಿದ್ದಾರೆ. ಅವರಲ್ಲಿ ನಿಯಮಿತವಾಗಿ ಬರೆಯುವವರು ಚಿಕ್ಕ ಭಾಗ ಮಾತ್ರ. ನನ್ನ ಮೋರಿಯನ್ನು ಪ್ರಶ್ನಿಸಿದವರು ಅಂಥ ಒಬ್ಬರು.

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಆಗ ಈ ನಕ್ಷೆಯಲ್ಲಿ ಕೆಲವೇ ಗೆರೆಗಳಿದ್ದವು. ಉಪಗ್ರಹ ಕಂಪನಿಗಳು ಚಿತ್ರಗಳನ್ನು ಬಿಟ್ಟುಕೊಟ್ಟವು. ಬೇರೆ ಬೇರೆ ದೇಶಗಳಲ್ಲಿ ಮನೆಯಲ್ಲಿ ಕುಳಿತ ನೂರಾರು ಜನ ಹಗಲು ರಾತ್ರಿ ರಸ್ತೆಗಳನ್ನೂ, ಬಿದ್ದ ಕಟ್ಟಡಗಳನ್ನೂ, ಡೇರೆಗಳನ್ನೂ ಗುರುತಿಸಿದರು. ಕೆಲವೇ ದಿನಗಳಲ್ಲಿ ರಕ್ಷಣಾ ತಂಡಗಳು ಆ ನಕ್ಷೆಯನ್ನು ತಮ್ಮ ಜಿಪಿಎಸ್ ಸಾಧನಗಳಿಗೆ ಹಾಕಿಕೊಂಡು ಓಡಾಡಿದವು. ಆದರೆ ದೂರದಲ್ಲಿ ಕುಳಿತವರು ರಸ್ತೆಯ ಆಕಾರ ಬರೆಯಬಲ್ಲರು, ಅದರ ಹೆಸರನ್ನಲ್ಲ. ಆ ಕೆಲಸ ಅಲ್ಲಿಯವರದೇ. ನಂತರ ಸ್ವಯಂಸೇವಕರು ಹೈಟಿಗೆ ಹೋಗಿ ಅಲ್ಲಿನ ಯುವಕ ಯುವತಿಯರಿಗೆ ಕಲಿಸಿದರು. 2014ರಲ್ಲಿ ರೆಡ್ ಕ್ರಾಸ್, ಗಡಿರಹಿತ ವೈದ್ಯರು ಮುಂತಾದ ಸಂಸ್ಥೆಗಳು ಸೇರಿ 'ಮಿಸ್ಸಿಂಗ್ ಮ್ಯಾಪ್ಸ್' ಆರಂಭಿಸಿದವು: ವಿಪತ್ತು ಬಂದ ಮೇಲೆ ಅಲ್ಲ, ಬರುವ ಮೊದಲೇ ಬರೆಯೋಣ ಎಂದು.

ಹೆಸರಿನ ವಿಷಯದಲ್ಲಿ ನಮ್ಮಲ್ಲೂ ಜಗಳ ಆಯಿತು. ಬೋರ್ಡಿನಲ್ಲಿ ಇರುವುದು '4ನೇ ಅಡ್ಡರಸ್ತೆ'. ನಾವು ಹೇಳುವುದು ಪಾನಿ ಟಾಂಕಿ ಗಲ್ಲಿ. ಮೂಲೆಮನೆಯ ಅಜ್ಜಿ ನೀರಿನ ಟ್ಯಾಂಕ್ ಬೀದಿ ಎನ್ನುತ್ತಾರೆ. ಯಾವುದು ಸರಿ? ನಕ್ಷೆಯಲ್ಲಿ ಎಲ್ಲದಕ್ಕೂ ಜಾಗ ಇದೆ ಎಂದು ಗೊತ್ತಾದಾಗ ಜಗಳ ತಣ್ಣಗಾಯಿತು. ಬೋರ್ಡಿನ ಹೆಸರು ಮುಖ್ಯ ಹೆಸರು, ಜನ ಕರೆಯುವುದು ಸ್ಥಳೀಯ ಹೆಸರು. ಜೊತೆಗೆ ಪ್ರತಿ ಭಾಷೆಗೂ ಒಂದು ಸಂಕೇತ, ಕನ್ನಡಕ್ಕೆ 'ಕೆಎನ್', ಉರ್ದುವಿಗೆ 'ಯುಆರ್'. ನಮ್ಮ ಊರಿನ ಹೆಚ್ಚಿನ ರಸ್ತೆಗಳಿಗೆ ಕನ್ನಡ ಹೆಸರು ಇನ್ನೂ ಖಾಲಿ ಇದೆ. ಕನ್ನಡ ವಿಭಾಗದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಎಲ್ಲವನ್ನೂ ತೆರೆದಿಡಬೇಕು ಎಂದೇನೂ ಇಲ್ಲ. ನಮ್ಮ ಗಲ್ಲಿಯಲ್ಲಿ ಇಬ್ಬರು ಖಾಲಾಗಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಒಬ್ಬರು "ಹಾಕು ಬೇಟಾ, ಗಿರಾಕಿ ಬರಲಿ" ಎಂದರು. ಇನ್ನೊಬ್ಬರು "ಯಾರು ಯಾರೋ ನೋಡುತ್ತಾರೆ, ಬೇಡ" ಎಂದರು. ಬೇಡ ಎಂದವರದನ್ನು ಹಾಕಲಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಬರೆಯುವುದು ಈ ನಕ್ಷೆಯ ಪದ್ಧತಿಯೂ ಅಲ್ಲ. ಇನ್ನೊಂದು ಮಾತು: ನಾವು ಹುಡುಗಿಯರು ಹೋದದ್ದರಿಂದಲೇ ಅಂಗನವಾಡಿ, ಹೆರಿಗೆ ಆಸ್ಪತ್ರೆಯ ಹಿಂಬಾಗಿಲು, ಬೀಗ ಹಾಕಿರುವ ಮಹಿಳೆಯರ ಶೌಚಾಲಯ ನಕ್ಷೆಗೆ ಬಂದವು. ಹುಡುಗರು ಬರೆದಿದ್ದ ಪಕ್ಕದ ಬಡಾವಣೆಯಲ್ಲಿ ಕ್ರಿಕೆಟ್ ಮೈದಾನಗಳೇ ಮೂರು.

ಕಾಮರ್ಸ್‌ನವರು ಕೇಳುವ ಪ್ರಶ್ನೆಗೆ ಬರುತ್ತೇನೆ. ನಾವು ಬಿಟ್ಟಿ ದುಡಿದದ್ದನ್ನು ದೊಡ್ಡ ಕಂಪನಿಗಳು ಬಳಸಿ ಲಾಭ ಮಾಡುವುದಿಲ್ಲವೇ? ಮಾಡುತ್ತವೆ. ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್ ಎಲ್ಲವೂ ಇದನ್ನು ಬಳಸುತ್ತವೆ. ಅದಕ್ಕೆ ಲೈಸೆನ್ಸ್‌ನಲ್ಲಿ ಎರಡು ಷರತ್ತು ಇವೆ: ಎಲ್ಲಿಂದ ತಂದಿರಿ ಎಂದು ಹೇಳಬೇಕು, ಈ ಮಾಹಿತಿಯನ್ನು ತಿದ್ದಿ ಬೆಳೆಸಿ ಸಾರ್ವಜನಿಕವಾಗಿ ಬಳಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಕೊಡಬೇಕು. ಈ ಲೈಸೆನ್ಸ್‌ಗೆ ಬದಲಾದದ್ದು 2012ರ ಸೆಪ್ಟೆಂಬರ್‌ನಲ್ಲಿ. ಮೊದಲಿದ್ದದ್ದು ಲೇಖನ, ಚಿತ್ರಗಳಿಗೆ ಮಾಡಿದ ಲೈಸೆನ್ಸ್, ಮಾಹಿತಿಕೋಶಕ್ಕೆ ಸರಿಹೊಂದುತ್ತಿರಲಿಲ್ಲ. ಬದಲಿಸಲು ಬರೆದವರನ್ನೆಲ್ಲ ಒಪ್ಪಿಗೆ ಕೇಳಿದರು. ಒಪ್ಪದವರ, ಉತ್ತರ ಕೊಡದವರ ಗೆರೆಗಳನ್ನು ತೆಗೆದುಹಾಕಿದರು. ಕೆಲವು ಕಡೆ ರಸ್ತೆಗಳೇ ಮಾಯವಾಗಿ ಮತ್ತೆ ಬರೆಯಬೇಕಾಯಿತು. ಇಷ್ಟೊಂದು ನಷ್ಟ ಮಾಡಿಕೊಂಡು ಕೇಳಬೇಕಿತ್ತೇ ಎಂದು ನನಗೂ ಅನಿಸಿತ್ತು. ಈಗ ಖಾಲಾ "ಬೇಡ" ಎಂದದ್ದು ನೆನಪಾದಾಗ ಕೇಳಿದ್ದು ಸರಿ ಎನಿಸುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ನಾವು ಇಲ್ಲಿ ಬರೆದದ್ದು ಆ ಆಂಬುಲೆನ್ಸ್ ಡ್ರೈವರ್ ಅವರ ಫೋನಿಗೆ ತಾನಾಗಿ ಹೋಗುವುದಿಲ್ಲ, ಅವರದು ಬೇರೆ ನಕ್ಷೆ. ಆದರೆ ಇದನ್ನು ನಾವು ಯಾರ ಅಪ್ಪಣೆಯೂ ಇಲ್ಲದೆ ಪ್ರಿಂಟ್ ಮಾಡಬಹುದು. ಮೊಹಲ್ಲಾದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದನ್ನು ಆಟೋ ಸ್ಟ್ಯಾಂಡಿನಲ್ಲಿ, ಒಂದನ್ನು ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಅಂಟಿಸಿದ್ದೇವೆ. ಗಾಡಿ ಬರುವ ದಾರಿ ಕೆಂಪು ಬಣ್ಣ, ಮೋರಿಯ ದಾರಿ ಚುಕ್ಕೆ ಚುಕ್ಕೆ. ಖರ್ಚು 240 ರೂಪಾಯಿ, ಅಬ್ಬಾ ಕೊಟ್ಟರು.

ಕಳೆದ ವಾರ ಟಾಂಕಿಯ ಪಕ್ಕದ ಮೆಡಿಕಲ್ ಸ್ಟೋರ್ ಮೇನ್ ರೋಡಿಗೆ ಸ್ಥಳಾಂತರವಾಯಿತು. ನಮ್ಮ ನಕ್ಷೆಯಲ್ಲಿ ಅದು ಇನ್ನೂ ಹಳೆಯ ಜಾಗದಲ್ಲೇ ಇದೆ. ಗುರುವಾರ ಮಧ್ಯಾಹ್ನ ಕೊನೆಯ ಪೀರಿಯಡ್ ನಂತರ ಕಂಪ್ಯೂಟರ್ ಲ್ಯಾಬ್ ತೆರೆದಿರುತ್ತದೆ, ಸರ್ ಅನುಮತಿ ಕೊಟ್ಟಿದ್ದಾರೆ. ಅದನ್ನು ಸರಿಸುವುದನ್ನು ನಿಮ್ಮಲ್ಲಿ ಒಬ್ಬರಿಗೆ ಬಿಟ್ಟಿದ್ದೇನೆ.