ಇತಿಹಾಸ ವಿಭಾಗದ ಕೆಲಸ: ನಮ್ಮ ಸೀಮೆಯ ಕೆಲವು ಕಲ್ಲುಗಳನ್ನು ಮುಂದಿಟ್ಟುಕೊಂಡು

ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಯನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ಒಂದೇ: "ಅದನ್ನು ಓದಿ ಮುಂದೇನು ಮಾಡುತ್ತೀಯೆ?" ಮೇಷ್ಟರಾಗಬಹುದು ಎಂಬುದೇ ನಾವು ಕೊಡುವ ಉತ್ತರ. ಅದು ಸುಳ್ಳಲ್ಲ, ಆದರೆ ಕಾಲುಪಾಲಿನ ಉತ್ತರ. ಪಾಠ ಹೇಳುವುದು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗದ ಕಣ್ಣಿಗೆ ಕಾಣುವ ಕೆಲಸ. ಆ ಪಾಠವನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಮತ್ತೆ ಮತ್ತೆ ಒರೆಗೆ ಹಚ್ಚುವುದು, ಕೊನೆಗೆ ಅದನ್ನು ಕಾಲೇಜಿನ ಗೇಟು ದಾಟಿಸಿ ಊರಿಗೆ ಮುಟ್ಟಿಸುವುದು, ಇವೂ ಅದರ ಕೆಲಸವೇ. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳಷ್ಟು ಕಲ್ಬರೆಹಗಳಿರುವ ಸೀಮೆಗಳು ನಾಡಿನಲ್ಲಿ ವಿರಳ.

ಬಿ. ಎಲ್. ರೈಸರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆಯ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳೂ 8ನೆಯದರಲ್ಲಿ (1904) ಸೊರಬದವೂ ಇವೆ. ಶಿಕಾರಿಪುರದ ಸಂಖ್ಯೆಗಳು ಮುನ್ನೂರನ್ನು ದಾಟಿದರೆ ಸೊರಬದವು ಐನೂರನ್ನು ದಾಟುತ್ತವೆ. ಆಗ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಅದು ಸ್ಥಾಪಿತವಾದದ್ದು 1916ರಲ್ಲಿ. ರೈಸರೂ ಮೊದಲು ಬೆಂಗಳೂರಿನ ಹೈಸ್ಕೂಲೊಂದರಲ್ಲಿ ಮೇಷ್ಟರಾಗಿದ್ದವರೇ ಎಂಬುದನ್ನು ಮೇಲೆ ಹೇಳಿದ ನೆಂಟರಿಗೆ ತಿಳಿಸಬಹುದು.

"ಮಯೂರಶರ್ಮನು ಕದಂಬ ರಾಜ್ಯವನ್ನು ಸ್ಥಾಪಿಸಿದನು." ಈ ವಾಕ್ಯವನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಆ ಪುಟ್ಟ ವಾಕ್ಯವು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಎಂಟು ಮುಖದ ಕಂಬವನ್ನು ಆಧರಿಸಿ ನಿಂತಿದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯವನ್ನು ರಚಿಸಿ ತಾನೇ ಅದನ್ನು ಕಲ್ಲಿನ ಮೇಲೆ ಬರೆದನು. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಾಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲವೂ ಅದರಲ್ಲಿದೆ. ಈ ಶಾಸನವನ್ನು ಜರ್ಮನಿಯ ವಿದ್ವಾಂಸ ಕೀಲ್‌ಹಾರ್ನ್ 'ಎಪಿಗ್ರಾಫಿಯ ಇಂಡಿಕ'ದ 8ನೆಯ ಸಂಪುಟದಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಮುಂದೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಹೆರಾಸರು ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ದುಡಿದ ಜಾರ್ಜ್ ಮೊರೇಸ್ ಎಂಬ ತರುಣ ಸಂಶೋಧಕರು 1931ರಲ್ಲಿ 'ಕದಂಬ ಕುಲ'ವನ್ನು ಬರೆದರು. ಕದಂಬರ ಚರಿತ್ರೆಗೆ ಮೀಸಲಾದ ದೊಡ್ಡ ಗ್ರಂಥವೊಂದು ಹೀಗೆ ಒಬ್ಬ ಕಾಲೇಜು ಪ್ರಾಧ್ಯಾಪಕರ ಗರಡಿಯಿಂದ ಹೊರಬಂದಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕುಬ್ಜನು ಬರೆದದ್ದು ಶಾಂತಿವರ್ಮನ ಕಾಲದಲ್ಲಿ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ, ಅವನ ತಂದೆ ಭಗೀರಥ, ಅವನ ತಂದೆ ಕಂಗವರ್ಮ, ಅವನ ತಂದೆ ಮಯೂರಶರ್ಮ. ಎಂದರೆ ಕವಿ ಹೇಳುತ್ತಿರುವುದು ತನ್ನ ಅರಸನ ಮುತ್ತಜ್ಜನ ತಂದೆಯ ಕಥೆಯನ್ನು. ನಮ್ಮಲ್ಲಿ ಎಷ್ಟು ಮಂದಿಗೆ ಮುತ್ತಜ್ಜನ ತಂದೆಯ ಹೆಸರು ಗೊತ್ತು? ಕುದುರೆ ಸವಾರನ ಜಗಳ ನಡೆದಿರಬಹುದು. ಅರಸನ ಮನೆತನದಲ್ಲಿ ಬಾಯಿಂದ ಬಾಯಿಗೆ ಬರುತ್ತ ಅದು ಸೊಗಸುಗೊಂಡಿರಲೂಬಹುದು. ಈ ಎರಡನ್ನೂ ಹೇಳಿದರೆ ಮಾತ್ರ ಪಾಠ ಇತಿಹಾಸದ ಪಾಠವಾಗುತ್ತದೆ. ಮೊದಲನೆಯದನ್ನಷ್ಟೇ ಹೇಳಲು ದೇವುಡು ಅವರ ಕಾದಂಬರಿಯೂ ಅದನ್ನು ಆಧರಿಸಿದ 1975ರ 'ಮಯೂರ' ಚಲನಚಿತ್ರವೂ ಇವೆ. ಆ ಕೆಲಸವನ್ನು ಅವು ನಮಗಿಂತ ಚೆನ್ನಾಗಿಯೇ ಮಾಡಿವೆ.

ಶಾಸನವು ಕೈಗೆ ಬಂದ ಮೇಲೆ ವಿಭಾಗದಲ್ಲಿ ನಡೆಯುವ ಕೆಲಸ ಬೇಸರ ತರುವಂಥದು, ಆದರೆ ಅದೇ ಮುಖ್ಯವಾದದ್ದು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಕುಂಚದಿಂದ ತಟ್ಟಿ, ಮಸಿಯನ್ನು ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಬಿಳಿದಾಗಿ, ಸುತ್ತಲ ಕಲ್ಲು ಕಪ್ಪಾಗಿ ಮೂಡುತ್ತದೆ. ಬಳಿಕ ಕಾಲನಿರ್ಣಯ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಕ್ಕಿತೆಂದು ನಾವು ತಿಳಿದಿರುತ್ತೇವೆ, ಅಷ್ಟಕ್ಕೇ ಬಿಡುವುದಿಲ್ಲ. ಶಕ 1084 ಎಂದಿದ್ದರೆ ಅರವತ್ತು ಸಂವತ್ಸರಗಳ ಲೆಕ್ಕದಲ್ಲಿ ಅದು ಚಿತ್ರಭಾನುವಾಗಬೇಕು, ತಿಥಿಗೂ ವಾರಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಕೆತ್ತಿದವನು ತಪ್ಪಿದನೋ, ಓದಿದವನು ತಪ್ಪಿದನೋ, ಅಥವಾ ಶಾಸನವೇ ಕೃತ್ರಿಮವೋ ಎಂದು ನೋಡಬೇಕು.

ಮೈಸೂರಿನಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ತರಗತಿಯೂ ಅಗೆತವೂ ಒಬ್ಬರ ಕೈಯಲ್ಲಿಯೇ ಇದ್ದ ಕಾಲ ಅದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಯೂರಶರ್ಮನು ಕೆರೆ ಕಟ್ಟಿಸಿದನೆಂಬ ಪುಟ್ಟ ಶಾಸನವನ್ನು ಓದಿ ಅವರು ಪ್ರಕಟಿಸಿದರು. ಅವನು ಗೆದ್ದ ರಾಜ್ಯಗಳ ಉದ್ದನೆಯ ಪಟ್ಟಿಯೂ ಅದರಲ್ಲಿದೆಯೆಂದು ಅವರ ಓದು. ಅನಂತರದ ವಿದ್ವಾಂಸರು ಆ ಪಟ್ಟಿಯನ್ನು ಸಂಶಯಿಸಿದರು, ಬೇರೆ ರೀತಿಯಲ್ಲಿ ಓದಿದರು. ಕೆರೆ ಉಳಿಯಿತು, ದಿಗ್ವಿಜಯ ಅಲುಗಾಡಿತು. ಇದರಿಂದ ಕೃಷ್ಣ ಅವರ ಹಿರಿಮೆ ಕುಗ್ಗಿತೆಂದು ನನಗೆ ತೋರುವುದಿಲ್ಲ. ಅಚ್ಚಾದ ಓದನ್ನು ಮತ್ತೊಬ್ಬರು ಪರೀಕ್ಷಿಸುವಂತೆ ಬಯಲಿನಲ್ಲಿ ಇಡುವುದೇ ವಿಭಾಗದ ಶಿಸ್ತು.

ಈ ಶಿಸ್ತು ಊರಿನ ಮುಂದೆ ಬಂದಾಗ ಕಷ್ಟಕ್ಕೆ ಸಿಕ್ಕುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಕೃಷ್ಣ ಅವರು 1936ರ ವರದಿಯಲ್ಲಿ ಪ್ರಕಟಿಸಿದಂದಿನಿಂದ ಅದೇ ಕನ್ನಡದ ಅತಿ ಪ್ರಾಚೀನ ಶಾಸನವೆಂದು, ಸುಮಾರು 450ರದೆಂದು, ನಾವು ಓದುತ್ತ ಬಂದೆವು. ತಾಳಗುಂದದ ಅಗೆತದಲ್ಲಿ ಸಿಕ್ಕ ಸಿಂಹಕಟಾಂಜನದ ಬರೆಹದಲ್ಲಿ ಕನ್ನಡ ಪದಗಳಿವೆಯೆಂದೂ ಅದು 370ರದೆಂದೂ ಕೇಂದ್ರ ಪುರಾತತ್ತ್ವ ಇಲಾಖೆ ಹೇಳಿತು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮ ತಾಲ್ಲೂಕಿನವರು ಹಿಗ್ಗಿದ್ದು ಸಹಜ. ನಾನೂ ಹಿಗ್ಗಿದೆನು. ಆದರೆ ಹಲ್ಮಿಡಿಯ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿಯ ರೂಪವನ್ನೂ ಅರಸನ ಹೆಸರನ್ನೂ ನೋಡಿ ಕಾಲವನ್ನು ಅಂದಾಜು ಮಾಡಿದ್ದಾರೆ. ಇಂಥ ಅಂದಾಜಿನಲ್ಲಿ ಹತ್ತಿಪ್ಪತ್ತು ವರ್ಷ ಆಚೀಚೆ ಆಗುವುದು ದೊಡ್ಡದಲ್ಲ. ವೇದಿಕೆಯ ಮೇಲೆ ನಿಂತು "ನಮ್ಮ ಊರೇ ಮೊದಲು" ಎನ್ನುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. "ಇಷ್ಟು ಖಚಿತ, ಇಷ್ಟು ಅಂದಾಜು" ಎಂದು ಸ್ವಂತ ಊರಿನವರ ಮುಂದೆ ಹೇಳಲು ಧೈರ್ಯ ಬೇಕು.

ಜನರ ಬಳಿಗೆ ಹೋಗುವ ಕೆಲಸ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಹಳ್ಳಿಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಅವನ್ನು ಸುಲಭ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ 'ಉಪನ್ಯಾಸ ಗ್ರಂಥಮಾಲೆ'ಯನ್ನು ತಂದಿತು. ಅದಕ್ಕೆಂದೇ ಇರುವ ಶಾಖೆಯ ಹೆಸರು 'ಪ್ರಸಾರಾಂಗ', ಎಷ್ಟು ಅರ್ಥವತ್ತಾದ ಹೆಸರು! ನಮ್ಮ ಜಿಲ್ಲೆಯಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ, ಇತಿಹಾಸದಲ್ಲಿ ಎಂ.ಎ. ಮಾಡಬಯಸುವ ನಮ್ಮವರು ಶಂಕರಘಟ್ಟದ ಬಸ್ಸು ಹತ್ತುತ್ತಾರೆ.

ಇದಕ್ಕೂ ಹಿಂದೆ ಹೋದರೆ ಬಳ್ಳಿಗಾವೆಯ ಕೋಡಿಯ ಮಠ ನೆನಪಾಗುತ್ತದೆ. ಅಲ್ಲಿ ನಾಲ್ಕು ವೇದಗಳೂ ಹಲವು ವ್ಯಾಕರಣಗಳೂ ಷಡ್ದರ್ಶನಗಳೂ ಅಭ್ಯಾಸವಾಗುತ್ತಿದ್ದುವು, ದೀನರಿಗೂ ಅಂಗವಿಕಲರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು 1162ರ ಶಾಸನ ಬಣ್ಣಿಸುತ್ತದೆ. ಇದನ್ನು ಪ್ರಾಚೀನ ಯೂನಿವರ್ಸಿಟಿಯೆಂದು ಕೊಂಡಾಡುವ ಭಾಷಣಗಳನ್ನು ಕೇಳಿದ್ದೇನೆ. ಕೊಂಡಾಡೋಣ, ಆದರೆ ಶಾಸನವನ್ನು ನಿಧಾನವಾಗಿ ಓದಿದರೆ ಅಲ್ಲಿ ಎರಡು ಸಾಲುಗಳಿರುವುದು ಕಾಣುತ್ತದೆ, ಓದುವವರ ಸಾಲು ಮತ್ತು ಅನ್ನಕ್ಕಾಗಿ ಬಂದವರ ಸಾಲು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಹಿರಿಯರು ಬಳ್ಳಿಗಾವೆಗೆ ಹೋಗಿದ್ದರೆ ಯಾವ ಸಾಲಿನಲ್ಲಿ ನಿಲ್ಲುತ್ತಿದ್ದರೆಂಬುದು ನನಗೆ ಗೊತ್ತು.

ಆ ಎರಡನೆಯ ಸಾಲಿನವರ ಚರಿತ್ರೆ ಎಲ್ಲಿದೆ? ಬಹುಮಟ್ಟಿಗೆ ಸೊರಬ ಸೀಮೆಯ ವೀರಗಲ್ಲುಗಳಲ್ಲಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರುಗೊಳ್ ಎಂದರೆ ದನಗಳ ಸೂರೆ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಇವುಗಳಲ್ಲಿ ಮಡಿದ ಗೌಡರ, ಆಳುಗಳ ಹೆಸರು ಇನ್ನೆಲ್ಲಿಯೂ ಸಿಕ್ಕುವುದಿಲ್ಲ. ಹೆಂಗಸರ ಮಾತು ಬಂದರೆ, ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ 10ನೆಯ ಶತಮಾನದ ಶಾಸನವು ಜಕ್ಕಿಯಬ್ಬೆಯೆಂಬಾಕೆ ಗಂಡನ ಮರಣಾನಂತರ ನಾಗರಖಂಡವನ್ನು ಆಳಿದಳೆಂದು ಹೇಳುತ್ತದೆ. ಆಕೆಯನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ಸರಿಯಾಗಿ ವಿಚಾರಿಸಿಕೊಂಡಿಲ್ಲ.

ಕಳೆದ ವರ್ಷ ನಾವು ನಾಲ್ವರು ರೈಸರ ಸಂಪುಟದ ಕೆಲವು ಹಾಳೆಗಳ ನಕಲು ಹಿಡಿದು ಸೊರಬದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಕೆರೆ ಏರಿಯ ಬಳಿ ಎಣ್ಣೆ ಬಳಿದು ಕಪ್ಪಾಗಿದ್ದ ಕಲ್ಲೊಂದಿತ್ತು. "ಅದು ನಮ್ಮ ವೀರಪ್ಪ ಕಣ್ರಪ್ಪಾ, ಚಪ್ಪಲಿ ಬಿಟ್ಟು ಬನ್ನಿ" ಎಂದರು ಅಲ್ಲಿದ್ದ ಒಬ್ಬ ಅಜ್ಜಿ. ಚಪ್ಪಲಿ ಬಿಟ್ಟು ಹೋದೆವು. ಪುಸ್ತಕದಲ್ಲಿದ್ದುದನ್ನು ನೋಡಿ, ಈತ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಹಿಂಬಾಲಿಸಿ ಕಾದಾಡಿ ಸತ್ತವನು ಎಂದು ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ದನ ತಿರುಗಿ ಬಂದುವೇನಪ್ಪಾ?" ಎಂದು ಕೇಳಿದರು. ಬಂದುವು, ತುರುವನ್ನು ಮರಳಿಸಿ ಸತ್ತನೆಂದೇ ಬರೆದಿದೆ ಎಂದೆವು. ನಾವು ಪರೀಕ್ಷೆಗೆ ಓದುವಾಗ ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಊರಿಗೆ ಹೋಗುವುದೆಂದರೆ ಬರೀ ಹೇಳಿಬರುವುದಲ್ಲ, ಕೇಳಿಬರುವುದೂ ಹೌದು.

ಕೇಳಿಬರುವ ಕೆಲಸ ಅತಿ ಅವಸರವಾಗಿರುವುದು ಈಸೂರಿನಲ್ಲಿ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಧ್ವಜವೇರಿಸಿ, ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿಕೊಂಡಿತು. ಮುಂದೆ ನಡೆದ ಘರ್ಷಣೆಯಲ್ಲಿ ಸಂಸ್ಥಾನದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಕೊಲೆಯಾದರು. ಊರು ಪೊಲೀಸರ, ಸೈನ್ಯದ ದಾಳಿಗೆ ಸಿಕ್ಕಿತು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದರು. ಅಂದಿನ ದಿನವನ್ನು ಕಣ್ಣಾರೆ ಕಂಡವರು ಈಗ ಇಲ್ಲವೆನ್ನುವಷ್ಟು ವಿರಳ. ಅವರ ಬಾಯಿಂದ ಕೇಳಿದ ಮಕ್ಕಳು ಮುದುಕರಾಗಿದ್ದಾರೆ. ಕೋರ್ಟಿನ ಕಾಗದಗಳು ಸರ್ಕಾರದ ಮಾತನ್ನು ಹೇಳುತ್ತವೆ. ಕಾಡಿಗೆ ಓಡಿಹೋದವರು ಏನು ತಿಂದರು, ಜೈಲು ಸೇರಿದ ಹೆಂಗಸರ ಮಕ್ಕಳನ್ನು ಯಾರು ಸಾಕಿದರು ಎಂಬುದನ್ನು ಮನೆಗಳು ಮಾತ್ರ ಹೇಳಬಲ್ಲವು. ಸತ್ತ ಅಧಿಕಾರಿಗಳಿಗೂ ಮನೆಗಳಿದ್ದುವು. ಅಲ್ಲಿಯೂ ಒಂದು ನೆನಪಿರುತ್ತದೆ. ಅದನ್ನು ಬರೆದುಕೊಂಡರೆ ಈಸೂರಿನ ತ್ಯಾಗ ಕಡಮೆಯಾಗುವುದಿಲ್ಲ. ಹಾಗೆ ಬರೆದುಕೊಳ್ಳಲು ಬೇಕಾದದ್ದು ಒಂದು ಟಿಪ್ಪಣಿ ಪುಸ್ತಕ, ಒಂದು ಮೊಬೈಲು, ಮತ್ತು ಮಧ್ಯೆ ಬಾಯಿ ಹಾಕದೆ ಕುಳಿತುಕೊಳ್ಳುವ ತಾಳ್ಮೆ.

ರಜೆಯಲ್ಲಿ ಊರಿಗೆ ಹೋಗುವ ಮಿತ್ರರಿಗೆ ಕೆಲವು ಮಾತು. ಗದ್ದೆಯಲ್ಲಾಗಲಿ ಪಾಳು ಗುಡಿಯ ಬಳಿಯಲ್ಲಾಗಲಿ ಬರೆಹವಿರುವ ಕಲ್ಲು ಕಂಡರೆ ಅದನ್ನು ಕದಲಿಸಬಾರದು. ಅದು ನಿಂತ ಜಾಗವೂ ಒಂದು ಸಾಕ್ಷಿ. ಊರು, ಸರ್ವೆ ನಂಬರು, ಕಲ್ಲು ಮುಖಮಾಡಿರುವ ದಿಕ್ಕು, ಎತ್ತರ ಇವನ್ನು ಗುರುತು ಹಾಕಿಕೊಂಡು, ಆ ಊರಿನ ಹೆಸರನ್ನು ರೈಸರ ಸಂಪುಟದಲ್ಲಿ ಹುಡುಕಬೇಕು. ಅಲ್ಲಿಲ್ಲದಿದ್ದರೆ ಅಧ್ಯಾಪಕರಿಗೆ ತಿಳಿಸಬೇಕು. ನಾಣ್ಯವೋ ತಾಮ್ರಪಟವೋ ಭೂಮಿಯಲ್ಲಿ ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಅಕ್ಷರ ಕಾಣುವುದಿಲ್ಲವೆಂದು ಸೀಮೆಸುಣ್ಣ ಉಜ್ಜುವುದು, ಮೊಳೆಯಿಂದ ಕೆರೆಯುವುದು ಕೂಡದು. ಬರಿಯ ನೀರಿನಿಂದ ತೊಳೆದು, ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಚಿತ್ರ ತೆಗೆದರೆ, ಮಧ್ಯಾಹ್ನ ಬೋಳಾಗಿ ಕಂಡ ಕಲ್ಲಿನಲ್ಲಿಯೂ ಸಾಲುಗಳು ಎದ್ದು ಕಾಣುತ್ತವೆ.