ಉಚಿತ ಚಿಕಿತ್ಸೆಯ ಖರ್ಚು ಯಾರದು?

ಸಾರ್ವಜನಿಕ ಆರೋಗ್ಯವು ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿದೆ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಚಾಲನೆ ಪಡೆದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಬಹುತೇಕ ರಾಜ್ಯಗಳಲ್ಲಿ ಕೇಂದ್ರ–ರಾಜ್ಯ ವೆಚ್ಚ ಹಂಚಿಕೆ 60:40. ಹಣ ತೆರಿಗೆಯದು, ಸೋಪಿಗೂ ಜಿಎಸ್‌ಟಿ ಕೊಡುವ ಕೂಲಿಕಾರನ ಪಾಲೂ ಅದರಲ್ಲಿದೆ.

ಹೆಚ್ಚು ಗಮನಿಸಬೇಕಾದದ್ದು ಜನ ಸ್ವಂತ ಜೇಬಿನಿಂದ ಮಾಡುವ ವೆಚ್ಚ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ಒಟ್ಟು ಆರೋಗ್ಯ ವೆಚ್ಚದಲ್ಲಿ ಇದರ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ರಲ್ಲಿ ಶೇ 39.4ಕ್ಕೆ ಇಳಿಯಿತು. ಇಳಿಕೆ ದೊಡ್ಡದೇ. ಆದರೂ ಹೊರರೋಗಿಗಳು ತಿಂಗಳು ತಿಂಗಳು ಕೊಳ್ಳುವ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಈ ಯೋಜನೆಯ ಹೊರಗಿವೆ. ತಾಯಿಯ ಮಂಚದ ಪಕ್ಕ ಕುಳಿತ ಮಗ ಕಳೆದುಕೊಂಡ ದಿನಗೂಲಿಯಂತೂ ಈ ಶೇಕಡಾವಾರು ಲೆಕ್ಕದಲ್ಲಿ ಸೇರಿಯೇ ಇಲ್ಲ.